ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಬಜೆಟ್ ಮಾಡುವುದು ಹೇಗೆ?

ಪ್ರಶ್ನೆ: ನಾವು ಮುಧೋಳ ತಾಲ್ಲೂಕಿನವರು. ಮೂರು ಎಕರೆ ಕಬ್ಬು ಇದೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದಾಗ ಕೈತುಂಬ ಇರುತ್ತದೆ, ಶ್ರಾವಣ ಬರುವಷ್ಟರಲ್ಲಿ ಕೈಗಡ ತರಬೇಕಾಗುತ್ತದೆ. ಬಜೆಟ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ತಿಂಗಳ ಸಂಬಳ ಇದ್ದವರಿಗೆ ಅದು ಸರಿ ಸರ್, ನಮ್ಮಂಥವರಿಗೆ ಹೇಗೆ ಸಾಧ್ಯ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕಬ್ಬಿನ ಜಾಗದಲ್ಲಿ ಒಮ್ಮೆ ತಿಕೋಟಾದ ಒಣದ್ರಾಕ್ಷಿ ಇರುತ್ತದೆ, ಒಮ್ಮೆ ಬನಹಟ್ಟಿಯ ಮಗ್ಗ, ಒಮ್ಮೆ ಬೆಳಗಾವಿಯ ಉದ್ಯಮಬಾಗದ ಗುತ್ತಿಗೆ ಕೆಲಸ. ಕೊನೆಯ ಸಾಲು ಮಾತ್ರ ಎಲ್ಲ ಪತ್ರಗಳಲ್ಲಿಯೂ ಒಂದೇ: ಬಜೆಟ್ ನೌಕರದಾರರಿಗೆ, ನಮಗಲ್ಲ. ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ. ದಯವಿಟ್ಟು ಮನೆಯವರೆಲ್ಲ ಕುಳಿತು ಓದಿ, ಪೆನ್ನು ಹಿಡಿದುಕೊಂಡೇ ಓದಿ.

ಮೊದಲು ಲೆಕ್ಕ. ಎಕರೆಗೆ ನಲವತ್ತು ಟನ್‌ನಂತೆ ಮೂರು ಎಕರೆಗೆ 120 ಟನ್ ಎಂದಿಟ್ಟುಕೊಳ್ಳಿ. ಕಟಾವು, ಸಾಗಣೆ ಕಳೆದು ಟನ್‌ಗೆ 3,000 ರೂಪಾಯಿ ಕೈಗೆ ಬಂತು ಎಂದುಕೊಳ್ಳಿ. ಒಟ್ಟು 3,60,000. ಈ ಅಂಕಿ ಖಾತೆಗೆ ಬಿದ್ದ ದಿನ ಮನೆಯಲ್ಲಿ ಎಲ್ಲರೂ ಇದನ್ನೇ ಆದಾಯ ಎಂದು ಭಾವಿಸುತ್ತಾರೆ. ಆದರೆ ಇದರಲ್ಲಿ ಹೊಲದ ಪಾಲು ಇದೆ. ಮುಂದಿನ ಬೆಳೆಯ ಗೊಬ್ಬರ, ಕಳೆ, ನೀರು, ಪಂಪ್‌ಸೆಟ್ ರಿಪೇರಿ ಎಲ್ಲ ಸೇರಿ ಎಕರೆಗೆ 50,000 ಎಂದು ಹಿಡಿದರೆ 1,50,000 ಹೊಲಕ್ಕೆ ಹೋಯಿತು. ಮನೆಗೆ ಉಳಿದದ್ದು 2,10,000.

ಇದನ್ನು ಹನ್ನೆರಡರಿಂದ ಭಾಗಿಸಬೇಡಿ, ಹದಿನಾಲ್ಕರಿಂದ ಭಾಗಿಸಿ. ಕೂಳೆ ಬೆಳೆ, ಅಂದರೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರಿದ ಬೆಳೆ, ವರ್ಷಕ್ಕೆ ಕಟಾವಿಗೆ ಬಂದರೂ ಕಡಿಯುವ ಗ್ಯಾಂಗ್ ಸಿಗುವುದು ತಡವಾಗುತ್ತದೆ, ಬಿಲ್ಲೂ ತಡವಾಗುತ್ತದೆ. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆ ಹಕ್ಕನ್ನು ಬಿಡದೆ ಕೇಳಿ. ಮನೆಯ ಲೆಕ್ಕವನ್ನು ಮಾತ್ರ ಬಿಲ್ಲು ತಡವಾಗುತ್ತದೆ ಎಂದುಕೊಂಡೇ ಹಾಕಿ. ಹದಿನಾಲ್ಕರಿಂದ ಭಾಗಿಸಿದರೆ ಬರುವುದು 15,000. ಇದು ನಿಮ್ಮ ತಿಂಗಳ ಸಂಬಳ. ಕೊಡುವವರೂ ನೀವೇ, ತೆಗೆದುಕೊಳ್ಳುವವರೂ ನೀವೇ. ಬಿಲ್ಲು ಹನ್ನೆರಡನೆಯ ತಿಂಗಳಿಗೇ ಬಂದರೆ ಎರಡು ತಿಂಗಳ ಸಂಬಳ, ಅಂದರೆ 30,000 ರೂಪಾಯಿ, ಆಪತ್ತಿನ ನಿಧಿಯಾಗಿ ಕೈಯಲ್ಲಿ ಉಳಿಯುತ್ತದೆ.

ಪ್ರಶ್ನೆಗೆ ಉತ್ತರ ಇಷ್ಟೇ. ಆದರೂ ಇಲ್ಲಿಗೆ ನಿಲ್ಲಿಸಿದರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಬರುತ್ತದೆ ಎಂದು ನನಗೆ ಗೊತ್ತು. ಏಕೆಂದರೆ ಅಡ್ಡಿಯಾಗಿರುವುದು ಗಣಿತವಲ್ಲ, ಸಂಬಳ ಇಲ್ಲದವರಿಗೆ ಬಜೆಟ್ ಇಲ್ಲ ಎಂಬ ಆ ನಂಬಿಕೆ. ಅದನ್ನು ಬುಡಸಮೇತ ಕೀಳದೆ ಮುಂದೆ ಹೋಗಲಾರೆ.

ಸಂಬಳದವರ ಮನೆಯಲ್ಲಿ ಒಂದು ತಿಂಗಳು ಲೆಕ್ಕ ತಪ್ಪಿತು ಎನ್ನಿ. ಹೆಚ್ಚೆಂದರೆ ಕೊನೆಯ ವಾರ ಕೈ ಬಿಗಿಯಾಗುತ್ತದೆ, ಒಂದನೇ ತಾರೀಖು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಜನವರಿಯಲ್ಲಿ ಲೆಕ್ಕ ತಪ್ಪಿದರೆ ಅದು ಸರಿಹೋಗುವುದು ಮುಂದಿನ ಜನವರಿಗೆ. ಹಾಗಿರುವಾಗ ಬಜೆಟ್ ಹೆಚ್ಚು ಬೇಕಾದದ್ದು ಯಾರಿಗೆ? ನೌಕರದಾರನಿಗೆ ಬಜೆಟ್ ಒಳ್ಳೆಯ ಅಭ್ಯಾಸ. ನಿಮಗೆ ಅದಿಲ್ಲದೆ ವರ್ಷ ದಾಟುವುದೇ ಇಲ್ಲ.

ನಮಗೆ ಲೆಕ್ಕ ಹಾಕಿ ಬದುಕುವುದು ಗೊತ್ತಿಲ್ಲ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಜೋಳದ ರಾಶಿ ಮುಗಿದ ಮೇಲೆ ಕಣಿಕೆ ಒಟ್ಟಿ ಬಣವೆ ಹಾಕುತ್ತೀರಿ. ಬೇಸಿಗೆಯಲ್ಲಿ ಎತ್ತಿಗೆ ಮೇವು ಹಾಕುವಾಗ ಬಣವೆಯ ಕಡೆ ಒಮ್ಮೆ ನೋಡಿ, ಹಸಿ ಮೇವು ಬರುವವರೆಗೆ ಸಾಲಬೇಕೆಂದು ಕೈ ಹಿಡಿದು ಹಾಕುತ್ತೀರಿ. ವರ್ಷಕ್ಕೊಮ್ಮೆ ಬಂದದ್ದನ್ನು ದಿನದ ಲೆಕ್ಕಕ್ಕೆ ಇಳಿಸುವ ಈ ವಿದ್ಯೆಯನ್ನು ನಿಮ್ಮ ಅಜ್ಜನ ಕಾಲದಿಂದಲೂ ಮಾಡಿಕೊಂಡು ಬಂದಿದ್ದೀರಿ. ಎತ್ತಿನ ಮೇವಿಗೆ ಇರುವ ಬಜೆಟ್ ಮಕ್ಕಳ ಫೀಸಿಗೆ ಏಕಿಲ್ಲ ಎಂದು ಕೇಳಿದರೆ ನನ್ನ ಮೇಲೆ ಸಿಟ್ಟಾಗಬೇಡಿ.

ಇನ್ನೊಂದು ವಾದ: ‘ನಮ್ಮ ಖರ್ಚಿಗೆ ಗೊತ್ತುಗುರಿ ಇಲ್ಲ, ಯಾವಾಗ ಏನು ಬರುತ್ತದೋ.’ ಇದಕ್ಕೆ ಉತ್ತರ ನಿಮ್ಮ ಊರಿನ ಕಿರಾಣಿ ಅಂಗಡಿಯಲ್ಲಿದೆ. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಅಂಗಡಿಯಿಂದ ಸಾಲವಾಗಿ ತಂದದ್ದನ್ನು ಬರೆದಿಡುವ ಮನೆಯ ಉದ್ರಿ ಪುಸ್ತಕ ತನ್ನಿ, ಒಂದು ವರ್ಷದ ಪುಟಗಳನ್ನು ಕೂಡಿಸಿ ಎನ್ನುತ್ತಿದ್ದೆ. ಅಂಗೈ ಅಗಲದ ಆ ಪುಸ್ತಕದ ತುಂಬ ನೀಲಿ ಪೆನ್ನಿನ ಅಕ್ಷರ: ಶೇಂಗಾ ಎಣ್ಣೆ, ಚಹಾಪುಡಿ, ಸಕ್ಕರೆ, ಬಟ್ಟೆ ಸೋಪು, ಕಡ್ಡಿಪೆಟ್ಟಿಗೆ, ನಡುನಡುವೆ ‘ನಗದು 200’ ಎಂಬ ಸಾಲು. ಜೋಳ, ತೊಗರಿ ಮನೆಯವೇ ಆದ್ದರಿಂದ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಬಾದಾಮಿ ಕಡೆಯ ಒಬ್ಬ ವಿದ್ಯಾರ್ಥಿನಿ ಹನ್ನೆರಡು ತಿಂಗಳ ಮೊತ್ತವನ್ನು ಸಾಲಾಗಿ ಬರೆದು ತಂದಳು. ಪಂಚಮಿಯ ತಿಂಗಳು, ದೀಪಾವಳಿಯ ತಿಂಗಳು ಮತ್ತು ಬನಶಂಕರಿ ಜಾತ್ರೆಯ ತಿಂಗಳು ಬಿಟ್ಟರೆ ಉಳಿದ ಒಂಬತ್ತೂ ತಿಂಗಳ ಅಂಕಿಗಳು ಹೆಚ್ಚುಕಡಿಮೆ ಒಂದೇ ಇದ್ದವು. ‘ಸರ್, ನಮ್ಮ ಮನೆಗೂ ತಿಂಗಳ ಬಜೆಟ್ ಇದೆ, ಅದನ್ನು ಅಂಗಡಿಯವರು ಬರೆದಿಡುತ್ತಿದ್ದಾರೆ’ ಎಂದು ಆಕೆ ಹೇಳಿದಾಗ ಇಡೀ ತರಗತಿ ಸುಮ್ಮನಾಯಿತು. ಅಷ್ಟು ವರ್ಷ ಪಾಠ ಮಾಡಿದ್ದಕ್ಕೆ ಸಿಕ್ಕ ದೊಡ್ಡ ಸಂತೋಷಗಳಲ್ಲಿ ಅದೂ ಒಂದು.

ಆಕೆ ಕಂಡದ್ದೇ ಸತ್ಯ. ನಿಮ್ಮ ಆದಾಯಕ್ಕೆ ತಿಂಗಳಿಲ್ಲ, ಖರ್ಚಿಗೆ ಇದೆ. ಏರುವ ತಿಂಗಳುಗಳೂ ಪಂಚಾಂಗದಲ್ಲಿ ಮೊದಲೇ ಅಚ್ಚಾಗಿರುತ್ತವೆ. ಜೂನ್‌ನಲ್ಲಿ ಶಾಲೆಯ ಫೀಸು, ಪುಸ್ತಕ. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ, ಉಂಡಿಯ ಸಾಮಾನು. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಯ ಆಯೇರಿ, ಅಂದರೆ ಉಡುಗೊರೆ. ಇವುಗಳಲ್ಲಿ ಯಾವುದೂ ಅನಿರೀಕ್ಷಿತವಲ್ಲ. ಕಾಯಿಲೆ ಮತ್ತು ಬೋರ್‌ವೆಲ್ ಬತ್ತುವುದು ಅನಿರೀಕ್ಷಿತ. ಅದಕ್ಕೇ ಆಪತ್ತಿನ ನಿಧಿ.

‘ಈ ವರ್ಷ ದರ ಎಷ್ಟು ಬರುತ್ತದೆಂದೇ ಗೊತ್ತಿಲ್ಲವಲ್ಲ’ ಎನ್ನುವವರಿಗೂ ಒಂದು ಮಾತು. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ನಿಗದಿ ಮಾಡಿತು. ಇಳುವರಿ ಬದಲಾದರೆ ದರ ಬದಲಾಗುತ್ತದೆ, ಕಟಾವು ಸಾಗಣೆ ಕಳೆದರೆ ಇನ್ನೂ ಬದಲಾಗುತ್ತದೆ, ನಿಜ. ಆದರೆ ಬಜೆಟ್ ಮಾಡಬೇಕಾದದ್ದು ಬರಲಿರುವ ಹಣಕ್ಕಲ್ಲ, ಬಂದಿರುವ ಹಣಕ್ಕೆ. ಈ ವರ್ಷದ ಸಂಬಳವನ್ನು ಹೋದ ಹಂಗಾಮಿನ ಬಿಲ್ಲು ಆಗಲೇ ನಿಗದಿ ಮಾಡಿ ಮುಗಿದಿದೆ. ದರದ ಹೋರಾಟ ಅದರ ಪಾಡಿಗೆ ನಡೆಯಲಿ, ಗೆದ್ದರೆ ಮುಂದಿನ ವರ್ಷದ ಸಂಬಳ ಹೆಚ್ಚಾಗುತ್ತದೆ.

ಮೊಬೈಲ್‌ನಲ್ಲಿ 50-30-20 ಎಂಬ ಸೂತ್ರ, ಅಂದರೆ ನೂರರಲ್ಲಿ ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20, ನೋಡಿ ಕೇಳುವವರಿದ್ದಾರೆ. ಅದು ತೆರಿಗೆ ಕಳೆದು ಕೈಗೆ ಬರುವ ತಿಂಗಳ ಸಂಬಳಕ್ಕೆ ಮಾಡಿದ ಸೂತ್ರ. ನಿಮ್ಮ 15,000ಕ್ಕೆ ಅದನ್ನು ಬಲವಂತವಾಗಿ ಹೊಂದಿಸಬೇಕಾಗಿಲ್ಲ. 1,500 ಉಳಿಸಿದರೂ ಆರಂಭಕ್ಕೆ ಸಾಕು.

ಇನ್ನು ಹಣ ಇಡುವ ಕ್ರಮ. ಎರಡು ಪಾಸ್‌ಬುಕ್ ಇರಲಿ. ಬಿಲ್ಲು ಬೀಳುವ ಖಾತೆ ಒಂದು, ಮನೆಖರ್ಚಿನ ಖಾತೆ ಇನ್ನೊಂದು. ಮನೆಖರ್ಚಿನದು ಮನೆಯೊಡತಿಯ ಹೆಸರಿನಲ್ಲಿದ್ದರೆ ಉತ್ತಮ. ಗೃಹಲಕ್ಷ್ಮಿಯ 2,000 ಬೀಳುವ ಖಾತೆಯೇ ಆಗಬಹುದು. ಪ್ರತಿ ಒಂದನೇ ತಾರೀಖು ಮೊದಲ ಖಾತೆಯಿಂದ ಎರಡನೆಯದಕ್ಕೆ 15,000 ತಾನಾಗಿಯೇ ವರ್ಗವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಎಟಿಎಂ ಕಾರ್ಡ್ ಎರಡನೆಯದಕ್ಕೆ ಮಾತ್ರ ಸಾಕು. ಮೊದಲ ಖಾತೆಯಲ್ಲಿ ಮೂರು ತಿಂಗಳ ಹಣ ಬಿಟ್ಟು ಉಳಿದದ್ದನ್ನು ಮೂರು, ಆರು, ಒಂಬತ್ತು ತಿಂಗಳ ಠೇವಣಿಗಳಾಗಿ ಒಡೆದು ಇಡಿ. ಒಂದೊಂದೇ ಮುಗಿದು ಬರುತ್ತದೆ. ಹೊಲದ 1,50,000ವನ್ನೂ ಗೊಬ್ಬರ ಹಾಕುವ ತಿಂಗಳಿಗೆ ಸರಿಹೊಂದಿಸಿ ಹೀಗೆಯೇ ಇಡಿ.

ಆದರೆ ಠೇವಣಿಗಿಂತ ಮೊದಲು ಸಾಲ. ನೂರಕ್ಕೆ ಮೂರು ರೂಪಾಯಿ ಎಂದರೆ ಕಡಿಮೆ ಅನ್ನಿಸುತ್ತದೆ, ಅದು ತಿಂಗಳಿಗೆ. ವರ್ಷಕ್ಕೆ ಶೇ 36. ಶ್ರಾವಣದಲ್ಲಿ 50,000 ಕೈಗಡ ತಂದು ಆರು ತಿಂಗಳಿಗೆ ತೀರಿಸಿದರೆ ಬಡ್ಡಿಯೇ 9,000, ನಿಮ್ಮ ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚು. ಇಂಥ ಸಾಲ ತೀರಿಸುವಷ್ಟು ಲಾಭ ಕೊಡುವ ಉಳಿತಾಯ ಯಾವ ಬ್ಯಾಂಕಿನಲ್ಲೂ ಇಲ್ಲ. ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಬೆಳೆ ಸಾಲದ ಕಂತಿನ ದಿನವನ್ನೂ ತಪ್ಪಿಸಬೇಡಿ. 2023-24ರ ರಾಜ್ಯ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು, ಆದರೆ ಆ ಶೂನ್ಯ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ.

ದೀರ್ಘಾವಧಿಗೆ ವರ್ಷದ ಲೆಕ್ಕದ ಯೋಜನೆಗಳೇ ನಿಮಗೆ ಹೊಂದುತ್ತವೆ. ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ವರ್ಷಕ್ಕೆ ಕನಿಷ್ಠ 500 ರೂಪಾಯಿ, ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ತೆರೆಯುವ ಸುಕನ್ಯಾ ಸಮೃದ್ಧಿಗೆ ಕನಿಷ್ಠ 250. ವರ್ಷದಲ್ಲಿ ಯಾವಾಗ ಬೇಕಾದರೂ ಕಟ್ಟಬಹುದು, ಬಿಲ್ಲು ಬಂದ ವಾರ ಒಮ್ಮೆಗೇ ಕಟ್ಟಿಬಿಡಿ.

ಮಗ್ಗದವರು ‘ನಮ್ಮನ್ನು ಮರೆತಿರಾ’ ಎಂದು ಕೇಳುವ ಮೊದಲು ಅವರಿಗೂ ಹೇಳುತ್ತೇನೆ. ರಬಕವಿ ಬನಹಟ್ಟಿಯಲ್ಲಿ ವಾರದ ಬಟವಡೆ (ಕೂಲಿ) ಪಡೆಯುವವರು ತಿಂಗಳಿಗೆ ನಾಲ್ಕೇ ಬಟವಡೆ ಎಂದು ಲೆಕ್ಕ ಹಾಕಿ ಮನೆ ನಡೆಸಿ. ವರ್ಷಕ್ಕೆ 52 ವಾರ, ನಾಲ್ಕರಂತೆ 48. ಐದನೇ ಬಟವಡೆ ಬರುವ ತಿಂಗಳುಗಳಲ್ಲಿ ಆ ಐದನೆಯದನ್ನು ಮುಟ್ಟದೆ ಇಟ್ಟರೆ ವರ್ಷಕ್ಕೆ ನಾಲ್ಕು ವಾರದ ಕೂಲಿ ಉಳಿಯುತ್ತದೆ.

ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ: ಈ ಠೇವಣಿ ಎಲ್ಲಿ ಇಡಬೇಕು? ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಪತ್ತಿನ ಸಹಕಾರಿ, ಸೌಹಾರ್ದ ಸಹಕಾರಿ ಇಲ್ಲದ ಪೇಟೆ ಇಲ್ಲ. ಸಹಕಾರ ನಮ್ಮ ನೆಲದ ಹೆಮ್ಮೆ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಂಘ ಕಟ್ಟಿದರು. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬಹಳ ಇವೆ. ಆದರೂ ಒಂದು ವ್ಯತ್ಯಾಸ ತಿಳಿದಿರಲಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಕೊಡುತ್ತದೆ. 2020ಕ್ಕೆ ಮೊದಲು ಇದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಉಂಟು. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ ಇಲ್ಲ. ಒಂದೆರಡು ರೂಪಾಯಿ ಹೆಚ್ಚು ಬಡ್ಡಿಯ ಹಿಂದೆ ಇರುವುದು ಈ ವ್ಯತ್ಯಾಸ.

ಸಂಘದಲ್ಲಿ ಇಡಲೇಬೇಕೆಂದಿದ್ದರೆ ಆಪತ್ತಿನ ನಿಧಿ ಮತ್ತು ಹೊಲದ ಹಣವನ್ನು ಇಡಬೇಡಿ, ಅದರ ಮೇಲಿನದನ್ನು ಇಡಿ. ಇಡುವ ಮೊದಲು ವಾರ್ಷಿಕ ವರದಿ ಕೇಳಿ ಪಡೆಯಿರಿ. ಆಡಿಟ್ ವರ್ಗ ‘ಎ’ ಇದೆಯೇ, ಸುಸ್ತಿ ಸಾಲ, ಅಂದರೆ ಗಡುವು ಮೀರಿಯೂ ವಸೂಲಾಗದ ಸಾಲ, ಹಿಂದಿನ ವರ್ಷಕ್ಕಿಂತ ಏರಿದೆಯೇ ಎಂಬ ಎರಡನ್ನು ನೋಡಿ. ವರದಿ ಕೊಡಲು ಹಿಂದೆಮುಂದೆ ನೋಡುವಲ್ಲಿ ಠೇವಣಿಯ ಅರ್ಜಿಗೆ ಸಹಿ ಹಾಕದೆ ಎದ್ದು ಬನ್ನಿ. ಪಿಗ್ಮಿ, ಅಂದರೆ ಏಜೆಂಟ್ ಕೈಗೆ ದಿನದಿನ ಕೊಡುವ ಸಣ್ಣ ಉಳಿತಾಯ, ಕಟ್ಟುವವರು ಏಜೆಂಟ್ ಬಂದಾಗಲೆಲ್ಲ ರಸೀದಿ ಪಡೆಯಿರಿ, ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಖಾತೆಯ ಶಿಲ್ಕು ತಾಳೆ ನೋಡಿ. ಅವಧಿಗೆ ಮೊದಲು ತೆಗೆದರೆ ಬಹುತೇಕ ಕಡೆ ಬಡ್ಡಿ ಹೋಗುತ್ತದೆ, ಕಮಿಷನ್ ಕಡಿತವೂ ಇರುತ್ತದೆ. ಆದ್ದರಿಂದ ಪಂಚಮಿಗೆ ಬೇಕಾಗುವ ಹಣವಾದರೆ ಪಂಚಮಿಗೇ ಮುಗಿಯುವ ಅವಧಿಗೆ ಪಿಗ್ಮಿ ಆರಂಭಿಸಿ. ಎಲ್ಲಿಯೇ ಇಟ್ಟರೂ ವಾರಸುದಾರರ ಹೆಸರು ಬರೆಸಿ, ಆ ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎಂಬುದನ್ನು ಮನೆಯಲ್ಲಿ ಇಬ್ಬರಿಗಾದರೂ ಹೇಳಿಡಿ.