ಕಡಲತಳದ ಶಿಲ್ಪಕ್ಕೆ ಒರಟು ಮೈಯೇ ಚೆಂದ

ಕೆರಿಬಿಯನ್ ಕಡಲಿನ ಗ್ರೆನಡಾ ದ್ವೀಪದ ಮೊಲಿನೇರ್ ಕೊಲ್ಲಿಯಲ್ಲಿ, ನೀರಿನಡಿ, 26 ಮಕ್ಕಳು ಕೈಕೈ ಹಿಡಿದು ಹೊರಮುಖವಾಗಿ ಸುತ್ತುಗಟ್ಟಿ ನಿಂತಿದ್ದಾರೆ. ಬ್ರಿಟನ್ನಿನ ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ 2006ರಲ್ಲಿ ಆರಂಭಿಸಿದ ಶಿಲ್ಪವನದ ಕೃತಿಯಿದು. ಇಳಿಸಿದಾಗ ಇದು ಬರೀ ಕಾಂಕ್ರೀಟು. ಈಗ ಆ ಮೈಗಳ ಮೇಲೆ ಪಾಚಿ, ಸ್ಪಂಜು, ಹವಳಗಳು ನೆಲೆಯೂರಿವೆ. ಹೀಗಾಗುವುದು ತಾನಾಗಿ ಅಲ್ಲ. ಅದಕ್ಕೆ ಸಿಮೆಂಟಿನಿಂದಲೇ ತಯಾರಿ ಶುರುವಾಗಬೇಕು.

ಮಾಮೂಲಿ ಹಸಿ ಕಾಂಕ್ರೀಟಿನ ಪಿಹೆಚ್ 12ರಿಂದ 13, ಸಮುದ್ರದ ನೀರಿನದು ಸುಮಾರು 8.1. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಕ್ಷಾರತೆ ಹತ್ತು ಪಟ್ಟಾಗುತ್ತದೆ. ಅಂದರೆ ನಾಲ್ಕು ಅಂಕಿಯ ಅಂತರಕ್ಕೆ ಹತ್ತು ಸಾವಿರ ಪಟ್ಟು! ಹವಳದ ಲಾರ್ವಾ, ಅಂದರೆ ನೀರಿನಲ್ಲಿ ತೇಲುವ ಅದರ ಪುಟ್ಟ ಮರಿ, ಅಂಥ ಮೇಲ್ಮೈಯಲ್ಲಿ ಸುಲಭಕ್ಕೆ ನೆಲೆಸದು. ಹಾಗಾಗಿ ಟೇಲರ್ ಬಳಸುವುದು ಕ್ಷಾರ ತಗ್ಗಿಸಿದ, ಕಡಲಿಗೆಂದೇ ಮಾಡಿದ ಸಿಮೆಂಟು. ಸಿಮೆಂಟಿಗೆ ಬೆರೆಸುವ ನುಣ್ಣನೆಯ ಮೈಕ್ರೋಸಿಲಿಕಾ ಪುಡಿ ಅದರೊಳಗಿನ ಸುಣ್ಣದ ಅಂಶವನ್ನು ಹೀರಿಕೊಂಡು ಕ್ಷಾರವನ್ನು ತಗ್ಗಿಸುತ್ತದೆ, ಸೂಕ್ಷ್ಮ ರಂಧ್ರಗಳನ್ನೂ ಮುಚ್ಚುತ್ತದೆ.

ಎರಡನೆಯ ಶತ್ರು ಕಬ್ಬಿಣ. ನಮ್ಮ ಕರಾವಳಿಯ ಹಳೆಯ ಕಟ್ಟಡಗಳ ಸಜ್ಜಾ ಉಬ್ಬಿ, ಸಿಮೆಂಟು ಕಳಚಿ, ಕೆಂಪು ಸರಳು ಹೊರಗೆ ಇಣುಕುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಉಪ್ಪಿನ ಕ್ಲೋರೈಡ್ ಒಳನುಸುಳಿ ಸರಳಿಗೆ ತುಕ್ಕು ಹಿಡಿಸುತ್ತದೆ; ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು, ಕಾಂಕ್ರೀಟು ಸೀಳುತ್ತದೆ. ಕಡಲತಳದ ಶಿಲ್ಪಕ್ಕೆ ಬಲ ಕೊಡಲು ತುಕ್ಕು ಹಿಡಿಯದ ಗಾಜಿನ ನಾರಿನ ಸರಳೇ ವಾಸಿ.

ಇನ್ನು ಮೇಲ್ಮೈ. ಗ್ಯಾಲರಿಯ ಶಿಲ್ಪಕ್ಕೆ ನುಣುಪು ಶೋಭೆ, ಇಲ್ಲಿ ಅದೇ ದೋಷ. ಲಾರ್ವಾಗೆ ಅಂಟಿಕೊಳ್ಳಲು ಒರಟುತನ ಬೇಕು, ಮರಿಮೀನು, ಏಡಿಗಳಿಗೆ ಅಡಗಲು ಪೊಟರೆ ಬೇಕು.

ಒಂದು ಘನ ಮೀಟರ್ ಕಾಂಕ್ರೀಟು ದಡದಲ್ಲಿ ಸುಮಾರು 2,400 ಕಿಲೋ ತೂಗಿದರೆ, ಮುಳುಗಿದಾಗ ಸುಮಾರು 1,375 ಕಿಲೋ. ಕ್ರೇನಿನ ಹಗ್ಗಕ್ಕೆ ಹೆಚ್ಚಿನ ಹೊರೆ ಬೀಳುವುದು ಶಿಲ್ಪ ನೀರು ಮುಟ್ಟುವ ಮೊದಲೇ. ತಳದಲ್ಲಿ ಅದನ್ನು ಅತ್ತಿತ್ತ ಸರಿಸಲು ಗಾಳಿ ತುಂಬಿದ ಚೀಲ ಕಟ್ಟುತ್ತಾರೆ. ಇಲ್ಲೇ ಎಚ್ಚರ ಬೇಕು: ಬಾಯಿ ತೆರೆದ ಚೀಲವನ್ನು 10 ಮೀಟರ್ ಆಳದಲ್ಲಿ ಅರ್ಧ ತುಂಬಿದರೂ, ಮೇಲ್ಮೈ ತಲುಪುವಾಗ ಆ ಗಾಳಿ ಎರಡು ಪಟ್ಟು ಹಿಗ್ಗಿರುತ್ತದೆ. ಸ್ವಲ್ಪ ಮೇಲೆದ್ದರೆ ಚೀಲ ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನೂ ಬೇಗ ಏರುತ್ತದೆ. ಗಾಳಿ ಬಿಡುವ ಕವಾಟ ಮುಳುಗುಗಾರನ ಕೈಗೆ ಎಟುಕುವಂತಿರಬೇಕು. ಬಹಾಮಾಸ್‌ನಲ್ಲಿ 2014ರಲ್ಲಿ ಇಳಿಸಿದ, ಮಂಡಿಯೂರಿ ಕಡಲನ್ನೇ ಹೊತ್ತಂತಿರುವ ಹುಡುಗಿಯ ಶಿಲ್ಪ 5 ಮೀಟರ್ ಎತ್ತರ, ಸುಮಾರು 60 ಟನ್. ಅದನ್ನು ಬಿಡಿಭಾಗಗಳಾಗಿ ಇಳಿಸಿ ನೀರಿನಲ್ಲೇ ಜೋಡಿಸಿದರು.

ಸ್ಥಳ ಮತ್ತು ಬಿಗಿತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲೋರಿಡಾದ ಆಸ್ಬೋರ್ನ್ ರೀಫ್ ಸಾಕ್ಷಿ. 1970ರ ದಶಕದಲ್ಲಿ ಹವಳ ಬೆಳೆಯಲೆಂದು ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಿದರು. ಉಕ್ಕಿನ ಕ್ಲಿಪ್ಪು ತುಕ್ಕು ಹಿಡಿಯಿತು, ನೈಲಾನ್ ಪಟ್ಟಿ ಹರಿಯಿತು. ಬಿಡಿಯಾದ ಹಗುರ ಟೈರುಗಳು ಚಂಡಮಾರುತಗಳಲ್ಲಿ ಉರುಳಿ ಪಕ್ಕದ ಜೀವಂತ ಹವಳವನ್ನೇ ಉಜ್ಜಿ ಕೆಡಿಸಿದವು. ಒಳ್ಳೆಯ ಉದ್ದೇಶವಿದ್ದೂ ಆದ ಹಾನಿ ಇದು. ಟೈರುಗಳನ್ನು ಹೊರತೆಗೆಯುವ ಕೆಲಸ ದಶಕಗಳ ನಂತರವೂ ನಡೆಯಿತು. ಹಾಗಾಗಿಯೇ ಶಿಲ್ಪಗಳನ್ನು ಜೀವಂತ ಹವಳದಿಂದ ದೂರ, ಬರಿ ಮರಳಿನ ಮೇಲೆ, ಅಗಲ ಪೀಠ ಕೊಟ್ಟು ನಿಲ್ಲಿಸಬೇಕು.

ಹೊತ್ತನ್ನೂ ನೋಡಬೇಕು. ಕೆರಿಬಿಯನ್‌ನ ಹಲವು ಹವಳಗಳು ಆಗಸ್ಟ್–ಸೆಪ್ಟೆಂಬರ್ ಹುಣ್ಣಿಮೆಯ ನಂತರದ ಕೆಲವು ರಾತ್ರಿಗಳಲ್ಲಿ ಮೊಟ್ಟೆ ಬಿಡುತ್ತವೆ. ಶಿಲ್ಪವನ್ನು ಅದಕ್ಕಿಂತ ಬಹಳ ಮುಂಚೆ ಇಳಿಸಿದರೆ, ಲಾರ್ವಾ ಬರುವ ಹೊತ್ತಿಗೆ ಹುಲುಸಾದ ಪಾಚಿ ಜಾಗವೆಲ್ಲ ಆವರಿಸಿರುತ್ತದೆ. ಅದನ್ನು ಮೇಯುವ ಗಿಳಿಮೀನುಗಳಿದ್ದರೆ ಬಚಾವು.

ಶಿಲ್ಪಗಳು ಹವಳವನ್ನು ಉಳಿಸಿಬಿಡುತ್ತವೆ ಎನ್ನುವುದು ಉತ್ಪ್ರೇಕ್ಷೆ. ನೀರು ಬಿಸಿಯಾದರೆ ಅವುಗಳ ಮೇಲಿನ ಹವಳವೂ ಬಿಳಿಚಿಕೊಳ್ಳುತ್ತದೆ. ಆದರೆ ಮೆಕ್ಸಿಕೋದ ಕಾನ್ಕೂನ್‌ನಲ್ಲಿ 500ಕ್ಕೂ ಹೆಚ್ಚು ಶಿಲ್ಪಗಳನ್ನು ಇಟ್ಟದ್ದಕ್ಕೆ ಸರಳವಾದ ಒಂದು ಕಾರಣವಿತ್ತು: ವರ್ಷಕ್ಕೆ ಲಕ್ಷಗಟ್ಟಲೆ ಬರುವ ಪ್ರವಾಸಿಗರ ಕಾಲು, ಕೈ, ಲಂಗರು ಒಂದಷ್ಟಾದರೂ ಹಳೆಯ ಹವಳದ ಬದಲು ಇತ್ತ ತಿರುಗಲಿ ಎಂದು. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಯಾರದೋ ಕಾಲು ತಾಗಿ ಮುರಿದದ್ದು ಮತ್ತೆ ಅಂಗೈಯಗಲ ಆಗಲು ಹಲವು ವರ್ಷವೇ ಹಿಡಿಯುತ್ತದೆ.