ರಾಜೀನಾಮೆಗೂ ಮುಂಚೆ ಪಂಚಾಂಗ ನೋಡಿ

ಹುಡುಗ ಒಂದು ಹಾಳೆ ತಂದಿದ್ದ. ಅದರಲ್ಲಿ ಒಂದೇ ಸಾಲು: 25 ಮದುವೆ, ಒಂದಕ್ಕೆ 60 ಸಾವಿರ, ಒಟ್ಟು 15 ಲಕ್ಷ. ಮೈಸೂರಿನ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ, ಕೈಗೆ ಬರುವ ಸಂಬಳ 42 ಸಾವಿರ. ಶನಿವಾರ, ಭಾನುವಾರ ಮದುವೆ ಫೋಟೊ ತೆಗೆಯುತ್ತಾನೆ. ಚೆನ್ನಾಗಿಯೇ ತೆಗೆಯುತ್ತಾನೆ. ಧಾರೆಯ ಹೊತ್ತಿನಲ್ಲಿ ಹುಡುಗಿಯ ಅಪ್ಪನ ಮುಖ ಹಿಡಿದಿದ್ದ ಒಂದು ಫೋಟೊ ತೋರಿಸಿದ. ನನ್ನ ಮಗಳ ಮದುವೆ ನೆನಪಾಗಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

"ಕೆಲಸ ಬಿಟ್ಬಿಡ್ತೀನಿ ಸಾರ್. ವರ್ಷಕ್ಕೆ ಐದು ಲಕ್ಷ ಎಲ್ಲಿ, ಹದಿನೈದು ಲಕ್ಷ ಎಲ್ಲಿ?" ಅಂದ.

ನಾನು ಆಡಿಟರ್. ಫೋಟೊ ಬಗ್ಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ಆದರೆ ಅವನು ಹೇಳಿದ ಎರಡು ಮೊತ್ತವೂ ತಪ್ಪಾಗಿದ್ದವು.

ಮೊದಲು ಸಂಬಳ. ಅವನ ಬೇಸಿಕ್ 25 ಸಾವಿರ. ಅದರಲ್ಲಿ ಶೇ. 12, ಅಂದರೆ 3 ಸಾವಿರ ಪಿಎಫ್‌ಗೆ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡುವ ಗ್ರಾಚ್ಯುಟಿಯ ಲೆಕ್ಕ ತಿಂಗಳಿಗೆ ಸುಮಾರು 1,200. ಇಲ್ಲಿಗೇ 49 ಸಾವಿರ ಆಯಿತು. ಇದರ ಮೇಲೆ ಇಡೀ ಮನೆಗೆ, ಅಪ್ಪ ಅಮ್ಮನಿಗೂ ಸೇರಿ, ಆಸ್ಪತ್ರೆ ಇನ್ಶೂರೆನ್ಸ್ ಇದೆ. ಅಪ್ಪನಿಗೆ ಶುಗರ್. ಕೆಲಸ ಬಿಟ್ಟ ಮೇಲೆ ಅವರಿಗೆ ಹೊರಗಡೆ ಪಾಲಿಸಿ ಮಾಡಿಸಲು ಹೋದರೆ ಎಷ್ಟು ಕೇಳುತ್ತಾರೆ ಅಂತ ಅವನು ವಿಚಾರಿಸಿಯೇ ಇರಲಿಲ್ಲ. ಆ ಸಂಬಳದ ಚೀಟಿಯ ನಿಜವಾದ ಬೆಲೆ 50 ಸಾವಿರದ ಮೇಲೆ.

ಇನ್ನೊಂದು ಸಂಗತಿ. ಕೆಲಸಕ್ಕೆ ಸೇರಿ ಅವನಿಗೆ ನಾಲ್ಕು ವರ್ಷ ನಾಲ್ಕು ತಿಂಗಳಾಗಿತ್ತು. ಅವನಂಥ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷ ತುಂಬಬೇಕು. ಇನ್ನು ಎಂಟು ತಿಂಗಳು ಇದ್ದರೆ 72 ಸಾವಿರ ಚಿಲ್ಲರೆ ಕೈಗೆ ಬರುತ್ತದೆ. ಐದು ವರ್ಷಕ್ಕೆ ಮುಂಚೆ ಪಿಎಫ್ ತೆಗೆದರೆ ತೆರಿಗೆಯ ತೊಂದರೆ ಬೇರೆ. ಒಂದು ಒಳ್ಳೆಯ ಲೆನ್ಸಿನ ದುಡ್ಡನ್ನು ಸುಮ್ನೆ ಬಿಟ್ಟು ಬರಲು ಹೊರಟಿದ್ದ!

ಇನ್ನು ಆ 15 ಲಕ್ಷ. ಒಂದು ಮದುವೆಯ 60 ಸಾವಿರವನ್ನು ಅವನ ಕೈಯಲ್ಲೇ ಬಿಡಿಸಿ ಬರೆಸಿದೆ. ವಿಡಿಯೊದವರಿಗೆ 12, ಅಸಿಸ್ಟೆಂಟ್‌ಗೆ 4, ಎಡಿಟಿಂಗ್‌ಗೆ 8, ಆಲ್ಬಂಗೆ 9, ಓಡಾಟಕ್ಕೆ 3. ಒಟ್ಟು 36 ಸಾವಿರ ಹೋಗಿ ಉಳಿದದ್ದು 24. ಇಪ್ಪತ್ತೈದು ಮದುವೆಗೆ ಆರು ಲಕ್ಷ, ಅಂದರೆ ತಿಂಗಳಿಗೆ 50 ಸಾವಿರ. ಕ್ಯಾಮೆರಾದ ಇಎಂಐ ಇನ್ನೂ ಕಳೆದಿಲ್ಲ. ಹುಡುಗ ಪೆನ್ನು ಕೆಳಗಿಟ್ಟ.

ಇಷ್ಟಾದರೂ ನಾನು ಬೇಡ ಅನ್ನಲಿಲ್ಲ. 50 ಸಾವಿರಕ್ಕೆ 50 ಸಾವಿರ, ಮನಸ್ಸಿಗೆ ಹಿಡಿಸಿದ ಕೆಲಸ, ಯಾಕೆ ಬೇಡ? ನಾನೂ ಸಂಬಳ ಬಿಟ್ಟು ಬೋರ್ಡು ಹಾಕಿಕೊಂಡವನೇ. ತೊಂದರೆ ಇರುವುದು ಮೊತ್ತದಲ್ಲಲ್ಲ, ಅದು ಬರುವ ರೀತಿಯಲ್ಲಿ. ಗೋಡೆಯ ಮೇಲಿದ್ದ ಕ್ಯಾಲೆಂಡರ್ ಪಂಚಾಂಗ ಇಳಿಸಿ ಅವನ ಮುಂದಿಟ್ಟೆ.

ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದ ಹದಿನೈದು ದಿನ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ ಧನುರ್ಮಾಸ. ಇದೆಲ್ಲ ವರ್ಷ ವರ್ಷ ಇದ್ದದ್ದೇ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬೇರೆ. 2023 ನೆನಪಿದೆಯಾ? ಜೂನ್ 19ಕ್ಕೆ ಶುರುವಾದ ಆಷಾಢ ಜುಲೈ 17ಕ್ಕೆ ಮುಗಿಯಿತು. ಮಾರನೆಯ ದಿನದಿಂದಲೇ ಅಧಿಕ ಶ್ರಾವಣ, ಆಗಸ್ಟ್ 16ರ ತನಕ. ಎರಡು ತಿಂಗಳು ಛತ್ರಗಳಿಗೆ ಬೀಗ. (ಕ್ರೈಸ್ತರ, ಮುಸ್ಲಿಮರ ಮದುವೆಗಳಿಗೆ ಈ ಲೆಕ್ಕ ಇಲ್ಲ. ಅಲ್ಲೂ ಗಿರಾಕಿ ಇಟ್ಟುಕೊಂಡವರು ಈ ದಿನಗಳನ್ನು ಸ್ವಲ್ಪ ಸಲೀಸಾಗಿ ದಾಟುತ್ತಾರೆ.)

ಇದರ ಇನ್ನೊಂದು ಮುಖವೂ ಇದೆ. ಒಳ್ಳೆಯ ಮುಹೂರ್ತ ಬಂತೆಂದರೆ ಒಂದೇ ದಿನ ಮೂರು ಮನೆಯವರು ಕರೆಯುತ್ತಾರೆ. ಹೋಗಲು ಆಗುವುದು ಒಂದಕ್ಕೆ. ಬೇರೆ ಟೀಮ್ ಕಳಿಸಿದರೆ ಆ 24 ಸಾವಿರದಲ್ಲಿ ದೊಡ್ಡ ಪಾಲು ಅವರಿಗೆ. ಹಾಗಾಗಿ "25 ಮದುವೆ" ಅಂತ ಬರೆದರೆ ಸಾಲದು. ಯಾವ ಯಾವ ತಾರೀಖಿಗೆ ಅಂತ ಬರೆಯಬೇಕು. ಬರೆಯಲು ಕೂತಾಗ ಅವನಿಗೆ ಹದಿನೇಳೇ ಸಿಕ್ಕವು.

ಈಗ ಅಡ್ವಾನ್ಸ್ ವಿಷಯ. ನನ್ನ ಹತ್ತಿರ ಬರುವ ಫೋಟೊದವರು, ಡೆಕೋರೇಷನ್‌ನವರು ಜಾಸ್ತಿ ಎಡವುವುದು ಇಲ್ಲೇ. ಮಾಘದಲ್ಲಿ ಖಾತೆ ನೋಡಿದರೆ ನಾಲ್ಕು ಲಕ್ಷ. ಖುಷಿಯಲ್ಲಿ ಡ್ರೋನ್ ತರುತ್ತಾರೆ. ಆ ನಾಲ್ಕು ಲಕ್ಷ ವೈಶಾಖದಲ್ಲಿ ಮಾಡಬೇಕಾದ ಮದುವೆಗಳದ್ದು, ಇನ್ನೂ ದುಡಿದ ದುಡ್ಡಲ್ಲ. ಅದಕ್ಕೆ ಅಡ್ವಾನ್ಸ್‌ಗೆಂದೇ ಒಂದು ಬೇರೆ ಖಾತೆ ಇಡಿ. ಮದುವೆ ಮುಗಿದ ಮೇಲೆ ಆ ಮದುವೆಯ ದುಡ್ಡನ್ನು ಮಾತ್ರ ಈಚೆಗೆ ತನ್ನಿ.

ಬ್ಯಾಲೆನ್ಸ್ ಕಥೆ ಇನ್ನೂ ಮಜವಾಗಿದೆ. ಕೊನೆಯ ಕಂತು ಆಲ್ಬಂ ಕೊಟ್ಟಾಗ. ಆಲ್ಬಂ ಮಾಡಬೇಕಾದರೆ ಮೂರು ಸಾವಿರ ಫೋಟೊದಲ್ಲಿ ಅವರು ನೂರೈವತ್ತು ಆರಿಸಿ ಕೊಡಬೇಕು. ಅವರು ಆರಿಸುವುದಿಲ್ಲ! ಹನಿಮೂನು, ಆಷಾಢಕ್ಕೆ ತವರುಮನೆ, ಆಮೇಲೆ ಗೌರಿ ಹಬ್ಬ. ಅಷ್ಟು ಹೊತ್ತಿಗೆ ಆಲ್ಬಂ ಆಸೆಯೇ ಇಳಿದಿರುತ್ತದೆ. ಹಣದ ದೊಡ್ಡ ಪಾಲನ್ನು ಮದುವೆಯ ಹಿಂದಿನ ದಿನವೇ ತೆಗೆದುಕೊಂಡು, ಆಲ್ಬಂಗೆ ಸಣ್ಣ ಮೊತ್ತ ಮಾತ್ರ ಬಾಕಿ ಬಿಡುವವರು ಬದುಕಿಕೊಳ್ಳುತ್ತಾರೆ.

ತೆರಿಗೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ. ನೋಡುವುದು ವಹಿವಾಟು, ಲಾಭವಲ್ಲ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭ ತೋರಿಸುವ ಅನುಕೂಲ ಇದೆ: ಬ್ಯಾಂಕ್, ಯುಪಿಐನಲ್ಲಿ ಬಂದ ದುಡ್ಡಿಗೆ ಕನಿಷ್ಠ ಶೇ. 6, ನಗದಿಗೆ ಶೇ. 8. "ಕನಿಷ್ಠ" ಅನ್ನುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. 15 ಲಕ್ಷದ ವಹಿವಾಟಿನಲ್ಲಿ ಆರು ಲಕ್ಷ ದುಡಿದವರು, ಶೇ. 6ರ ಲೆಕ್ಕದಲ್ಲಿ ತೊಂಬತ್ತು ಸಾವಿರ ತೋರಿಸಿ ಎಂದು ನನ್ನನ್ನೇ ಪೀಡಿಸುತ್ತಾರೆ. ಅದು ತಪ್ಪು ಅನ್ನುವುದು ಒಂದು ಕಡೆ. ಎರಡು ವರ್ಷ ಬಿಟ್ಟು ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವುದೂ ಅದೇ ರಿಟರ್ನ್. ಸಂಬಳದವರಿಗಾದರೆ ಮೂರು ತಿಂಗಳ ಚೀಟಿ, ಸಂಬಳಕ್ಕೂ ಹಿಡಿದ ತೆರಿಗೆಗೂ ಕಂಪನಿ ಕೊಡುವ ಪತ್ರ, ಇಷ್ಟರಲ್ಲಿ ಕೆಲಸ ಆಗುತ್ತದೆ. ಸ್ವಂತ ಉದ್ಯೋಗದವರಿಗೆ ಎರಡು ಮೂರು ವರ್ಷದ ರಿಟರ್ನ್ ಬೇಕು, ಅದರಲ್ಲಿ ಸಾಲ ತೀರಿಸುವಷ್ಟು ಆದಾಯವೂ ಕಾಣಬೇಕು. ಹಾಗಂತ ಸಂಬಳ ಇರುವಾಗಲೇ ಸಾಲ ತೆಗೆದು ಮಾರನೆ ತಿಂಗಳು ರಾಜೀನಾಮೆ ಕೊಡುವ ಜಾಣತನ ಬೇಡ. ಇಎಂಐ ಆಷಾಢವನ್ನು ನೋಡುವುದಿಲ್ಲ.

ಹುಡುಗ ಎಂಟು ತಿಂಗಳು ಕಾಯಲು ಒಪ್ಪಿದ. ಆ ಎಂಟು ತಿಂಗಳ ಮದುವೆ ದುಡ್ಡನ್ನು ಮುಟ್ಟದೆ, ಆರು ತಿಂಗಳ ಮನೆ ಖರ್ಚಿಗಾಗುವಷ್ಟು ಕೂಡಿಡಬೇಕು ಎಂದು ಮಾತಾಯಿತು. ಅಮ್ಮ ಅಪ್ಪನ ಪಾಲಿಸಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಲು ಹೇಳಿದೆ. ಶುಗರ್ ಇರುವವರಿಗೆ ಕೆಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ, ಅದು ಈಗಿನಿಂದಲೇ ಕಳೆಯಲಿ ಅಂತ.

ಮೊನ್ನೆ ಬಂದಿದ್ದ. ಗ್ರಾಚ್ಯುಟಿಗೆ ಇನ್ನು ಐದು ವಾರ. ಕೈಯಲ್ಲಿ ಹಾಳೆಯ ಬದಲು ಒಂದು ನೋಟ್ ಪುಸ್ತಕ. ತಾರೀಖು, ಅಡ್ವಾನ್ಸ್, ಖರ್ಚು, ಬ್ಯಾಲೆನ್ಸ್, ಎಲ್ಲದಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಂಗೆ ಅವನೇ ಹೆಸರಿಟ್ಟಿದ್ದ: "ಫೋಟೊ ಆರಿಸಿಲ್ಲ". ಅದರ ಕೆಳಗೆ ಏಳು ಜೋಡಿಗಳಿದ್ದವು. ಮೊದಲನೆಯ ಜೋಡಿಗೆ ಆಗಲೇ ಮಗು ಆಗಿದೆಯಂತೆ. ನಾಮಕರಣಕ್ಕೂ ಇವನನ್ನೇ ಕರೆದಿದ್ದಾರೆ.