ಡಯಾಲಿಸೇಟ್ ಟಿಪ್ಪಣಿ: ಕ್ಯಾನ್ ಮೇಲಿನ ‘ಕ್ಯಾಲ್ಸಿಯಂ 2.5’ ಅಂದರೆ ಎಷ್ಟು?

ಡಯಾಲಿಸೇಟ್ ಅಂದರೆ ಡಯಾಲಿಸಿಸ್ ಯಂತ್ರದಲ್ಲಿ ತೆಳು ಪೊರೆಯ ಆಚೆ ಹರಿಯುವ ಲವಣದ ದ್ರಾವಣ; ಕ್ಯಾನ್‌ನಲ್ಲಿ ಬರುವ ಗಟ್ಟಿ ದ್ರಾವಣದಿಂದ ಅದನ್ನು ತಯಾರಿಸುತ್ತಾರೆ. ನಿಮಿಷಕ್ಕೆ 500 ಮಿ.ಲೀ. ಹರಿದರೆ 4 ಗಂಟೆಗೆ 120 ಲೀಟರ್ ಡಯಾಲಿಸೇಟ್ ರೋಗಿಯ ರಕ್ತದ ಎದುರು ಹಾದುಹೋಗುತ್ತದೆ. ಲವಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಬರುವುದು ಕ್ಯಾಲ್ಸಿಯಂನಲ್ಲಿ.

ಕ್ಯಾಲ್ಸಿಯಂ

ಮೊದಲು ಅಳತೆ. ಲೀಟರಿಗೆ 1 ಮಿಲಿಮೋಲ್ = ಲೀಟರಿಗೆ 2 ಮಿಲಿಈಕ್ವಿವಲೆಂಟ್ = ಡೆಸಿಲೀಟರಿಗೆ 4 ಮಿ.ಗ್ರಾಂ. ಹಾಗಾಗಿ ಕ್ಯಾನ್ ಮೇಲಿನ 2.5 ಮಿಲಿಈಕ್ವಿವಲೆಂಟ್, ಡಾಕ್ಟರ್ ಚೀಟಿಯಲ್ಲಿ ಬರೆದ 1.25 ಮಿಲಿಮೋಲ್, ಲ್ಯಾಬ್ ಲೆಕ್ಕದ 5 ಮಿ.ಗ್ರಾಂ. ಮೂರೂ ಒಂದೇ.

ಈಗ ರೋಗಿಯ ರಿಪೋರ್ಟ್ ನೋಡಿ: ಕ್ಯಾಲ್ಸಿಯಂ 9 ಮಿ.ಗ್ರಾಂ. ದ್ರಾವಣದಲ್ಲಿ 5. ಹಾಗಾದರೆ ಕ್ಯಾಲ್ಸಿಯಂ ರಕ್ತದಿಂದ ಸೋರಿಹೋಗಬೇಕಲ್ಲವೇ? ಇಲ್ಲ. ಆ 9ರಲ್ಲಿ ಹತ್ತಿರಹತ್ತಿರ ಅರ್ಧ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಮುಂತಾದವಕ್ಕೆ ಅಂಟಿಕೊಂಡಿರುತ್ತದೆ, ಆಲ್ಬುಮಿನ್ ಪೊರೆ ದಾಟುವುದಿಲ್ಲ. ಹೋಲಿಸಬೇಕಾದದ್ದು ಅಯಾನೀಕೃತ (ಯಾವುದಕ್ಕೂ ಅಂಟದೆ ಬಿಡಿಯಾಗಿರುವ) ಕ್ಯಾಲ್ಸಿಯಂ ಜೊತೆ, ಅದು ಸುಮಾರು 1.1ರಿಂದ 1.3 ಮಿಲಿಮೋಲ್. ಆದ್ದರಿಂದ 1.25ರ ದ್ರಾವಣದಲ್ಲಿ ಹೆಚ್ಚುಕಡಿಮೆ ಸಮಸಮ (ನೀರು ತೆಗೆಯುವಾಗ ಅದರ ಜೊತೆ ಒಂದಿಷ್ಟು ಹೋಗುತ್ತದೆ), 1.5ರಲ್ಲಿ ರೋಗಿಯ ಒಳಗೆ, 1.75ರಲ್ಲಿ ಇನ್ನಷ್ಟು ಒಳಗೆ. ಅಂತರರಾಷ್ಟ್ರೀಯ ಮೂತ್ರಪಿಂಡ ಸಂಸ್ಥೆ ಕೆಡಿಗೋದ (KDIGO) 2017ರ ಮಾರ್ಗಸೂಚಿ 1.25ರಿಂದ 1.5 ಎನ್ನುತ್ತದೆ. 1.75 ಹಾಕಿದರೆ ಬಿಪಿ ಚೆನ್ನಾಗಿ ನಿಲ್ಲುತ್ತದೆ, ನಿಜ. ಆದರೆ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ನುಂಗುತ್ತಿರುವವರಿಗೆ ಅದನ್ನೇ ಮುಂದುವರಿಸಿದರೆ ರಕ್ತನಾಳದಲ್ಲಿ ಸುಣ್ಣ ಕಟ್ಟುವ ಅಪಾಯ ಹೆಚ್ಚು.

ಆಲ್ಬುಮಿನ್ ಕಡಿಮೆ ಇರುವವರಲ್ಲಿ ಒಟ್ಟು ಕ್ಯಾಲ್ಸಿಯಂ 7.5 ಬಂದರೂ ಅಯಾನೀಕೃತ ಭಾಗ ಸರಿಯಾಗಿಯೇ ಇರಬಹುದು. ಅದನ್ನು ಅಳೆಯದೆ ಕ್ಯಾನ್ ಬದಲಿಸುವುದು ಕುರುಡು ಕೆಲಸ.

ಬೈಕಾರ್ಬನೇಟ್

ರಕ್ತದ ಆಮ್ಲ ತಗ್ಗಿಸಲು ದ್ರಾವಣದಲ್ಲಿರುವ ಇದರ ಲೆಕ್ಕವೂ ಕ್ಯಾಲ್ಸಿಯಂಗೇ ಬಂದು ಸೇರುತ್ತದೆ. ಸಾಮಾನ್ಯವಾಗಿ 32–35 ಮಿಲಿಮೋಲ್ ಇಡುತ್ತಾರೆ. ಹೆಚ್ಚಾದರೆ ರಕ್ತ ಕ್ಷಾರೀಯವಾಗಿ ಇನ್ನಷ್ಟು ಕ್ಯಾಲ್ಸಿಯಂ ಆಲ್ಬುಮಿನ್‌ಗೆ ಅಂಟುತ್ತದೆ, ಅಯಾನೀಕೃತ ಮಟ್ಟ ಇಳಿಯುತ್ತದೆ. ತುಟಿ ಸುತ್ತ ಜುಮುಜುಮು, ಕಾಲಿನಲ್ಲಿ ಸೆಳೆತ ಬರಬಹುದು. ಪೊಟ್ಯಾಶಿಯಂ ಕೂಡ ಜೀವಕೋಶದೊಳಗೆ ಸರಿಯುತ್ತದೆ. ಪಾರ್ಟ್ ಎ (ಆಮ್ಲವಿರುವ ಗಟ್ಟಿ ದ್ರಾವಣ) ಕ್ಯಾನಿನ ಅಸಿಟೇಟ್ ಯಕೃತ್ತು ಮತ್ತು ಸ್ನಾಯುಗಳಲ್ಲಿ ಬೈಕಾರ್ಬನೇಟ್ ಆಗುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೊಟ್ಯಾಶಿಯಂ

ವಾರ್ಡಿನ ಅಂದಾಜು ಸೂತ್ರ: ರಕ್ತದ ಪೊಟ್ಯಾಶಿಯಂ + ದ್ರಾವಣದ ಪೊಟ್ಯಾಶಿಯಂ ≈ 7. ರಕ್ತದಲ್ಲಿ 5 ಇದ್ದರೆ 2, 4 ಇದ್ದರೆ 3. ಪೊಟ್ಯಾಶಿಯಂ ಹೆಚ್ಚಿರುವ ಎಳನೀರು ಕುಡಿದು 7 ಮಾಡಿಕೊಂಡು ಬಂದವರಿಗೆ ಸೂತ್ರ 0 ಎಂದೀತು; ಅಲ್ಲಿ ಅದನ್ನು ನಂಬಬೇಡಿ. ಮಟ್ಟ ದಿಢೀರ್ ಕುಸಿದರೆ ಹೃದಯದ ಲಯ ತಪ್ಪುತ್ತದೆ. ದ್ರಾವಣದಲ್ಲಿ ಕ್ಯಾಲ್ಸಿಯಂ ಸಹ ಕಡಿಮೆ ಇದ್ದರೆ, ರೋಗಿ ಡಿಗಾಕ್ಸಿನ್ (ಹೃದಯದ ಔಷಧ) ಮೇಲಿದ್ದರೆ ಇನ್ನೂ ಅಪಾಯ. ಡಯಾಲಿಸಿಸ್ ಮುಗಿದ ಕೂಡಲೇ ತೆಗೆದ ರಕ್ತದಲ್ಲಿ 3.2 ಕಂಡಿತೆಂದು ಪೊಟ್ಯಾಶಿಯಂ ಸಿರಪ್ ಕುಡಿಸಲು ಓಡಬಾರದು. ಜೀವಕೋಶದೊಳಗಿನದು ಹೊರಬಂದು ಕೆಲವೇ ಗಂಟೆಗಳಲ್ಲಿ ಮಟ್ಟ ಮತ್ತೆ ಏರುತ್ತದೆ.

ಸೋಡಿಯಂ, ಗ್ಲೂಕೋಸ್

ರೋಗಿಯ ರಕ್ತದಲ್ಲಿ ಸೋಡಿಯಂ 134, ದ್ರಾವಣದಲ್ಲಿ 142 ಇದ್ದರೆ ಉಪ್ಪು ಒಳಗೆ ಹೋಗುತ್ತದೆ. ಆವತ್ತು ಸೆಳೆತ ಇಲ್ಲ, ಬಿಪಿ ಬೀಳುವುದಿಲ್ಲ. ಮನೆಗೆ ಹೋದ ಮೇಲೆ ಬಾಯಾರಿಕೆ, ಮುಂದಿನ ಸರದಿಗೆ ತೂಕ ಹೆಚ್ಚು. ಗ್ಲೂಕೋಸ್ ಇಲ್ಲದ ದ್ರಾವಣ ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ಇಳಿಸಬಹುದು, ಡೆಸಿಲೀಟರಿಗೆ 100 ಮಿ.ಗ್ರಾಂ. ಇರುವುದು ಒಳ್ಳೆಯದು.

ಕ್ಯಾನ್ ಎರಡೇಕೆ, ಮೀಟರ್ ಏನು ಹೇಳುವುದಿಲ್ಲ

ಕ್ಯಾಲ್ಸಿಯಂ, ಮೆಗ್ನೀಶಿಯಂ ಬೈಕಾರ್ಬನೇಟ್ ಜೊತೆ ಗಟ್ಟಿ ದ್ರಾವಣದಲ್ಲೇ ಕೂಡಿದರೆ ಕಾರ್ಬನೇಟ್ ಆಗಿ ತಳಕ್ಕೆ ಕೂರುತ್ತವೆ. ಅದಕ್ಕೇ ಅವು ಆಮ್ಲವಿರುವ ಪಾರ್ಟ್ ಎಯಲ್ಲಿ, ಬೈಕಾರ್ಬನೇಟ್ ಬೇರೆಯಾಗಿ ಪಾರ್ಟ್ ಬಿಯಲ್ಲಿ. ಪಾರ್ಟ್ ಬಿ ಪುಡಿಯನ್ನು ಆರ್‌ಒ (ಸೋಸಿ ಶುದ್ಧಗೊಳಿಸಿದ) ನೀರಿನಲ್ಲಿ ಆ ದಿನಕ್ಕೆ ಬೇಕಾದಷ್ಟೇ ಕಲಸಿ. ಅತಿಯಾಗಿ ಕಲಕಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. ಉಳಿದದ್ದನ್ನು ನಾಳೆಗೆ ಇಡಬಾರದು, ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕಂಡಕ್ಟಿವಿಟಿ ಮೀಟರ್ (ದ್ರಾವಣದಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆಂದು ಅಳೆಯುವುದು) 14ರ ಆಸುಪಾಸು ತೋರಿಸಿದರೆ ಒಟ್ಟು ಲವಣ ಸರಿ ಇದೆ ಎಂದಷ್ಟೇ ಅರ್ಥ. ಅದರಲ್ಲಿ ಸಿಂಹಪಾಲು ಸೋಡಿಯಂನದು. ಪೊಟ್ಯಾಶಿಯಂ 2ರ ಬದಲು 3ರ ಕ್ಯಾನ್ ಸಿಕ್ಕಿಸಿದರೂ ಮೀಟರಿನಲ್ಲಿ ಗಮನಕ್ಕೆ ಬರುವಂಥ ಬದಲಾವಣೆ ಇರುವುದಿಲ್ಲ, ಅಲಾರಂ ಹೊಡೆಯುವುದಿಲ್ಲ. ಪೈಪ್ ಸಿಕ್ಕಿಸುವ ಮುನ್ನ ಚೀಟಿ ಒಬ್ಬರು, ಕ್ಯಾನ್ ಲೇಬಲ್ ಇನ್ನೊಬ್ಬರು ಗಟ್ಟಿಯಾಗಿ ಓದಿ, ಅಳತೆಯ ಹೆಸರು ಸಮೇತ.